ಬುಟ್ಟಿಯಡಿಯ ಚಟ್ನಿ

ಥೂ, ಆ ದಿನ ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ.

ನನ್ನ ಅತ್ತೆ ಬೆಳ್ಳಿ ಹೊನ್ನಾವರದಲ್ಲಿ ಮೀನು ಮಾರುವವಳು. ಒಂದು ಮಳೆಗಾಲ ದೋಣಿ ನೀರಿಗಿಳಿಯದೆ, ಗಂಜಿಗೆ ನಂಜಿಕೊಳ್ಳಲು ಏನೂ ಇಲ್ಲದಾಗ, ಬುಟ್ಟಿಯಡಿಯಲ್ಲಿ ಉಳಿದಿದ್ದ ಒಣಸಿಗಡಿಯ ಪುಡಿಯನ್ನೇ ಹುರಿದು, ಕಾಯಿ, ಮೆಣಸು, ಹುಳಿ ಹಾಕಿ ಅರೆದಳಂತೆ. ಕೇರಿಯವರು ಬೆರಳು ನೆಕ್ಕಿ 'ಬೆಳ್ಳಿ ಚಟ್ನಿ' ಎಂದರು. ಆ ಹೆಸರೇ ನಿಂತಿತು.

ಎಪ್ಪತ್ತೊಂಬತ್ತರಲ್ಲಿ ಕುಮಟೆಯಲ್ಲಿ ಹೆಂಗಸರ ಅಡುಗೆ ಸ್ಪರ್ಧೆ ಇಟ್ಟರು. ಹಳೆಯ ಅಡುಗೆಯೊಂದನ್ನು ಮಾಡಿ, ಅದಕ್ಕೆ ಹೆಸರು ಹೇಗೆ ಬಂತೆಂದು ಮೈಕಿನಲ್ಲಿ ಹೇಳಬೇಕು. ಶ್ರೀಮತಿ ಎಂಬ ಪೇಟೆಯ ಹೆಂಗಸು ಆ ಚಟ್ನಿ ಕಲಿಯಲು ಮೂಗಿಗೆ ಸೆರಗು ಒತ್ತಿಕೊಂಡೇ ನಮ್ಮ ಅಂಗಳಕ್ಕೆ ಬಂದಳು.

"ಮೈಕಲ್ಲಿ ನನ್ನ ಹೆಸರು ಹೇಳ್ತ್ರಿ ಅಲ್ದಾ ಅಮ್ಮಾ?" ಅತ್ತೆ ಕೇಳಿದ್ದು ಅಷ್ಟೇ.

"ಆತು, ಹೇಳ್ತೆ."

ಅತ್ತೆ ಮಾಡುವ ಬಗೆ ಹೇಳಿ, ಒಂದು ಪೊಟ್ಟಣ ಪುಡಿಯನ್ನೂ ಕೊಟ್ಟಳು. ಪುಡಿಯನ್ನು ಮೊದಲು ನೀರಿಗೆ ಹಾಕಿ, ತೇಲಿದ್ದನ್ನು ಬಾಚಿಕೊಂಡು, ತಳದ ಮರಳು ಚೆಲ್ಲಬೇಕೆಂದು ಮಾತ್ರ ಹೇಳಲಿಲ್ಲ. ಸಿಗಡಿ ಒಣಗಿಸುವುದೇ ಮರಳ ಮೇಲೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನನಗೂ ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಅತ್ತೆ ಎಣ್ಣೆ ಹಚ್ಚಿ ತಲೆ ಬಾಚಿ, ಅಬ್ಬಲಿಗೆ ಮುಡಿದು, ನನ್ನ ಜೊತೆ ಬಸ್ಸು ಹತ್ತಿದಳು. ಕೊನೆಯ ಬೆಂಚಿನಲ್ಲಿ ಕುಳಿತೆವು.

ಶ್ರೀಮತಿ ಮೈಕ್ ಹಿಡಿದಳು. "ಇದು ರಾಣಿ ಚಟ್ನಿ. ಹಿಂದೆ ಒಬ್ಬ ರಾಣಿಗೆ ಅಂತ ನಮ್ಮ ಅಜ್ಜಿ ಮನೆಯವರು ಮಾಡಿದ್ದು."

ಎಂಥ ರಾಣಿ? ಬುಟ್ಟಿಯಡಿಯ ಪುಡಿ ತಿನ್ನುವ ರಾಣಿ ಯಾವಳು? ನಾಚಿಕೆಗೆಟ್ಟವಳು! ನಾನು ಏಳಹೋದರೆ ಅತ್ತೆ ಕೈ ಹಿಡಿದಳು. "ಮುಂದೆ ಹೇಳ್ತ್ರು, ಸುಮ್ನಿರೆ."

ತೀರ್ಪುಗಾರರು ಚಟ್ನಿ ಬಾಯಿಗಿಟ್ಟರು. ಕರಕ್! ಮುಖ ಕಿವುಚಿ, ಥೂ ಎಂದು ಕರವಸ್ತ್ರಕ್ಕೆ ಉಗಿದರು. "ಬರೀ ಮರಳು!"

ಶ್ರೀಮತಿ ಬೆವತಳು. ತಾನು ಒಂದು ಬೆರಳೂ ರುಚಿ ನೋಡಿರಲಿಲ್ಲ, ಹೇಸಿಗೆ ಅವಳಿಗೆ. ಮೈಕ್ ಇನ್ನೂ ಕೈಯಲ್ಲೇ ಇತ್ತು.

"ನಂದಲ್ಲ ಇದು! ಹೊನ್ನಾವರದ ಬೆಳ್ಳಿ ಅಂತ, ಮೀನು ಮಾರೋಳು, ಅವಳದ್ದು. ಬೆಳ್ಳಿ ಚಟ್ನಿ!"

ರಾಣಿ ಎಲ್ಲಿ ಹಾಳಾಗಿ ಹೋದಳೋ!

ಬೆಳ್ಳಿ ಎಂದದ್ದೇ ತಡ, ಅತ್ತೆ ಎದ್ದು ನಿಂತು ಕೈ ಮುಗಿದಿದ್ದಳು. ಸಭೆಯೆಲ್ಲ ತಿರುಗಿ, ಮೂಗು ಮುರಿದು ನೋಡಿತು. ನಾನು ಸೆರಗು ಹಿಡಿದೆಳೆದರೂ ಅವಳು ಕೂರಲಿಲ್ಲ. ಮುಗಿದ ಕೈ ಇಳಿಸಲೂ ತೋಚದೆ ನನ್ನನ್ನು ಕೇಳಿದಳು:

"ಕಮಲಿ, ಮರಳು ತೆಗೂದನ್ನೂ ಹೇಳ್ಕೊಡ್ಬೇಕಾಗಿತ್ತನೆ?"