ನಲವತ್ತಾರು ನಿಮಿಷದ ಸುದ್ದಿ

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆರೋಗ್ಯ ಆಡಳಿತ ವಿಭಾಗದ ತಿಂಗಳ ಸುದ್ದಿಪುಟದಲ್ಲಿ ಹನ್ನೊಂದು ಸುದ್ದಿಗಳಿದ್ದವು. ಹತ್ತಕ್ಕೆ ಜಹನಾರಾ ಸರಿ ಗುರುತು ಹಾಕಿ ಮುಗಿಸಿದ್ದಳು. ಪುಟ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಹೋಗಬೇಕಾದದ್ದು ನಾಲ್ಕು ಗಂಟೆಗೆ.

ಹಲಸೂರಿನ ಆ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಜಹನಾರಾ ಕಚೇರಿ ಅಧೀಕ್ಷಕಿ. ರಜೆ, ಹಾಜರಿ, ಪರೀಕ್ಷೆಯ ಕಾಗದಪತ್ರ ಎಲ್ಲ ಅವಳದೇ. ಆದರೆ ನೆಂಟರಿಷ್ಟರ ಮುಂದೆ ಅವಳು ಹೇಳಿಕೊಳ್ಳುತ್ತಿದ್ದದ್ದು ಸುದ್ದಿಪುಟವನ್ನು ಮಾತ್ರ. ಅದಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಆ ಪುಟ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ರಾಷ್ಟ್ರಪ್ರಶಸ್ತಿ ಬಂತೆಂದು ಅಭಿನಂದಿಸಿತ್ತು. ಅವರು ಹಾರ ಹಾಕಿಸಿಕೊಂಡು ಕೇಕ್ ಕತ್ತರಿಸಿದ ಮೂರನೇ ದಿನ, ಪ್ರಶಸ್ತಿಗೆ ಅವರ ಹೆಸರು ಹೋಗಿತ್ತೇ ಹೊರತು ಪ್ರಶಸ್ತಿ ಬಂದಿರಲಿಲ್ಲ ಎಂಬುದು ಗೊತ್ತಾಯಿತು. ಅಂದು ವಿಭಾಗದ ಮುಖ್ಯಸ್ಥ ಡಾ. ಭಗವಂತರಾಯರು ಒಂದು ಕಟ್ಟಳೆ ಮಾಡಿದರು. ಸುದ್ದಿಯಲ್ಲಿ ಯಾರ ಹೆಸರಿದೆಯೋ ಅವರೆಲ್ಲರಿಗೂ ಫೋನ್ ಮಾಡಿ, ಮೊದಲಕ್ಷರದಿಂದ ಕೊನೆಯವರೆಗೆ ಓದಿ ಕೇಳಿಸಬೇಕು. ಅವರು ಸರಿ ಎಂದರೆ ಗುರುತು. ಗುರುತಿಲ್ಲದ ಸುದ್ದಿ ಹೊರಗೆ ಹೋಗಕೂಡದು. ಓದುವ ಕೆಲಸ ಜಹನಾರಾಳಿಗೆ ಬಿತ್ತು. ಆಮೇಲಿನ ನೂರ ಏಳು ಪುಟಗಳಲ್ಲಿ ಒಂದಕ್ಕೂ ತಿದ್ದುಪಡಿ ಹಾಕಬೇಕಾಗಿ ಬಂದಿರಲಿಲ್ಲ.

ಉಳಿದಿದ್ದ ಹನ್ನೊಂದನೆಯದು ಪುಟದ ಮೊದಲ ಸುದ್ದಿ. ಎರಡನೇ ವರ್ಷದ ವಿದ್ಯಾರ್ಥಿನಿ ಮಿಸ್ಬಾ ಶಿವಾಜಿನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಆರು ತಿಂಗಳು ಕೂತು, ಹೊರರೋಗಿಗಳಿಗೆ ಟೋಕನ್ ಕೊಡುವ ಕ್ರಮವನ್ನು ಬದಲಾಯಿಸಿದ್ದಳು. ಒಂದೇ ಸಾಲಿನ ಬದಲು ವೈದ್ಯರಿಗೊಂದು ಸಾಲು, ಟೋಕನ್ ಮೇಲೆ ಕೋಣೆಯ ಸಂಖ್ಯೆ. ಕಾಯುವ ಸಮಯ ನೂರ ಹದಿನೆಂಟು ನಿಮಿಷದಿಂದ ನಲವತ್ತಾರಕ್ಕೆ ಇಳಿದಿತ್ತು. ಮರುದಿನ ಹನ್ನೊಂದೂವರೆಗೆ ವಿಶ್ವವಿದ್ಯಾಲಯದ ಸಭೆ. ಅಲ್ಲಿ ಕುಲಪತಿಗಳು ಪ್ರತಿ ಸಲ ಒಂದು ವಿಭಾಗದ ಒಂದು ಸುದ್ದಿಯನ್ನು ಎದ್ದುನಿಂತು ಓದುತ್ತಾರೆ. ಆರೋಗ್ಯ ಆಡಳಿತದವರ ಸರದಿ ಇದುವರೆಗೆ ಬಂದಿರಲಿಲ್ಲ. ಈ ಸಲ ಬಂದಿತ್ತು, ಅದೂ ಮಿಸ್ಬಾಳ ಸುದ್ದಿಗೆ.

ಮಿಸ್ಬಾಳಿಗೆ ಈ ಕೋರ್ಸಿನ ಅರ್ಜಿ ತಂದುಕೊಟ್ಟವಳೇ ಜಹನಾರಾ. ಇಬ್ಬರದೂ ಒಂದೇ ಬೀದಿ; ಮಿಸ್ಬಾ ಅವಳನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದಳು. ಪಿಂಗಾಣಿ ಪಾತ್ರೆ ಮಾರುವ ಮಿಸ್ಬಾಳ ತಂದೆ ಶಫಿ, ಮಗಳ ಹೆಸರನ್ನು ಕುಲಪತಿಗಳು ಓದುತ್ತಾರೆಂದು ಅಂಗಡಿಸಾಲಿಗೆಲ್ಲ ಹೇಳಿಬಿಟ್ಟಿದ್ದ.

ಸುದ್ದಿಯಲ್ಲಿ ನಾಲ್ಕು ಹೆಸರು. ಮೂವರು ಸರಿ ಎಂದಿದ್ದರು. ನಾಲ್ಕನೆಯದು ಫೋಟೋದಲ್ಲಿದ್ದ ರೋಗಿ, ಕಮ್ಮನಹಳ್ಳಿಯ ಬೈರಮ್ಮ, ಅರವತ್ತೆಂಟು ವರ್ಷ, ಮೊಣಕಾಲು ನೋವು. ಜಹನಾರಾ ನಂಬರ್ ಒತ್ತಿದಳು.

"ಯಾರಮ್ಮ ಅದು?"

"ಯೂನಿವರ್ಸಿಟಿಯಿಂದ, ಬೈರಮ್ಮನೋರೇ. ನಿಮ್ಮ ಫೋಟೋ ಹಾಕ್ತಿದೀವಲ್ಲ, ಅದರಲ್ಲಿ ಏನ್ ಬರೆದಿದೀವಿ ಅಂತ ಓದಿ ಹೇಳ್ತೀನಿ. ತಪ್ಪಿದ್ರೆ ಹೇಳಿ."

"ಓದವ್ವ, ಓದು. ಇರು, ಟೀವಿ ಆರಿಸ್ತೀನಿ."

ಜಹನಾರಾ ಓದಿದಳು. ಬೈರಮ್ಮ ಕೇಳಿದಳು: "ಎಷ್ಟು ನಿಮಿಷ ಅಂದೆ?"

"ನಲವತ್ತಾರು."

ಬೈರಮ್ಮ ನಗತೊಡಗಿದಳು. ಹಲ್ಲಿಲ್ಲದ ಬಾಯಿಯ, ಉಸಿರು ಕಟ್ಟುವ ನಗು. "ನಲವತ್ತಾರು ನಿಮಿಷದಾಗೆ ನನ್ ಬಾಟ್ಲಿಗೂ ಕಾಲು ನೋವು ಬರಲ್ಲ ಬಿಡು."

"ಯಾವ ಬಾಟ್ಲಿ?"

"ನೀರಿನ ಬಾಟ್ಲಿ ಕಣವ್ವ. ಬೆಳಗ್ಗೆ ಐದೂವರೆಗೆಲ್ಲ ಗೇಟ್ ಮುಂದೆ ಸಾಲಲ್ಲಿ ಇಕ್ಕಿ, ಆ ಮರದ ಕಟ್ಟೆ ಮೇಲೆ ಕುಂತ್ಕತೀನಿ. ಚೀಟಿ ಕೊಡೋನು ಬರೋದು ಎಂಟೂವರೆಗೆ. ಚೀಟಿ ಈಸ್ಕಂಡ ಮೇಲೆ ಬೇಗ ಆಗ್ತದೆ, ಇಲ್ಲ ಅನ್ನಲ್ಲ. ಆ ಹುಡುಗಿ ಬಂದ ಮೇಲೆ ಬಲೇ ಬೇಗ. ಒಳ್ಳೆ ಮಗ. ನೀನು ಸರಿ ಅಂತಾನೇ ಬರ್ಕೋ."

ಜಹನಾರಾ ಪೆನ್ನು ಎತ್ತಿದಳು. ಬೈರಮ್ಮ ಸರಿ ಎಂದಿದ್ದಳು. ಕಟ್ಟಳೆ ಕೇಳುವುದು ಅಷ್ಟೇ. ಪೆನ್ನಿನ ತುದಿ ಕಾಗದದ ಮೇಲೆ ಒಂದು ಚುಕ್ಕೆ ಮಾಡಿ ನಿಂತಿತು. ಆ ಗೇಟು ಅವಳ ಮನೆಯಿಂದ ಐದು ನಿಮಿಷದ ದಾರಿ. ಅವಳ ತಾಯಿ ಬದುಕಿದ್ದಾಗ, ಅಲ್ಲಿ ಸಾಲಿನಲ್ಲಿ ಇಡುತ್ತಿದ್ದದ್ದು ಎಡಗಾಲಿನ ಚಪ್ಪಲಿ. ಬಲಗಾಲಿನದನ್ನು ಚೀಲದಲ್ಲಿ ಹಾಕಿಕೊಳ್ಳುತ್ತಿದ್ದರು, ಯಾರೂ ಜೋಡಿ ಕದಿಯದಿರಲಿ ಎಂದು. ಆಸ್ಪತ್ರೆಯ ಮುಂದೆ ಬಾಟಲಿ, ಚಪ್ಪಲಿ, ಕಲ್ಲು ಸಾಲು ನಿಲ್ಲುವುದನ್ನು ಶಿವಾಜಿನಗರದಲ್ಲಿ ಯಾರೂ ಕಾಯುವುದು ಎಂದು ಕರೆದಿರಲಿಲ್ಲ. ಕಾಯುವುದು ಟೋಕನ್ ಸಿಕ್ಕ ಮೇಲೆ ಶುರುವಾಗುತ್ತಿತ್ತು.

ಪೆನ್ನಿನ ಮುಚ್ಚಳ ಹಾಕಿ ಅವಳು ಮಿಸ್ಬಾಳನ್ನು ಕರೆಸಿದಳು.

ಮಿಸ್ಬಾ ಗ್ರಂಥಾಲಯದಿಂದ ಓಡಿಬಂದಿದ್ದಳು. "ಏನಾಯ್ತು ಆಪಾ? ಸ್ಪೆಲಿಂಗ್ ತಪ್ಪಾ?"

"ನಿನ್ನ ನಲವತ್ತಾರು ನಿಮಿಷ ಎಲ್ಲಿಂದ ಶುರು?"

"ಟೋಕನ್ ಪ್ರಿಂಟ್ ಆಗೋ ಟೈಮಿಂದ. ಡಾಕ್ಟರ್ ಕಂಪ್ಯೂಟರಲ್ಲಿ ಹೆಸರು ಒತ್ತೋವರೆಗೆ. ಎರಡೂ ಮೆಷಿನ್ ಟೈಮ್. ಮೆಷಿನ್ ಸುಳ್ಳು ಹೇಳಲ್ಲ ಆಪಾ."

"ಮೆಷಿನ್ ಎದ್ದೇಳೋದು ಎಂಟೂವರೆಗೆ. ಐದೂವರೆಗೆ ಗೇಟ್ ಮುಂದೆ ಇರೋಕೆ ಬೈರಮ್ಮ ಏಳೋದು ನಾಲ್ಕೂವರೆಗೆ."

ಮಿಸ್ಬಾ ಒಂದು ಕ್ಷಣ ಅರ್ಥವಾಗದವಳಂತೆ ನೋಡಿದಳು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಬಾಟ್ಲಿಗಳು," ಎಂದಳು. "ಸ್ಕೂಲಿಗೆ ಹೋಗೋವಾಗ ದಿನಾ ಅವನ್ನ ದಾಟಿ ಹೋಗ್ತಿದ್ದೆ. ಒಂದ್ಸಲ ಒದ್ದು ಬೀಳಿಸಿ ಬೈಸ್ಕೊಂಡಿದೀನಿ. ಫೀಲ್ಡ್ ವರ್ಕ್ ಅಂತ ಒಂಬತ್ತಕ್ಕೆ ಹೋದ್ರೆ ಬಾಟ್ಲಿ ಎಲ್ಲಾ ಎತ್ಕೊಂಡು ಆಗಿರುತ್ತೆ. ಪ್ರಶ್ನಾವಳಿಲಿ ಹದಿನೆಂಟು ಪ್ರಶ್ನೆ ಇತ್ತು ಆಪಾ. ಮನೆಯಿಂದ ಎಷ್ಟೊತ್ತಿಗೆ ಬಂದ್ರಿ ಅಂತ ಒಂದೂ ಇಲ್ಲ."

ಆಮೇಲೆ ಅವಳೇ ದನಿ ಏರಿಸಿದಳು. "ಆದ್ರೂ ನೂರ ಹದಿನೆಂಟು, ನಲವತ್ತಾರು ಎರಡೂ ನಿಜ ತಾನೆ? ಟೋಕನ್ನಿಂದ ಅಂತ ಒಂದು ಪದ ಸೇರಿಸಿದ್ರೆ ಆಯ್ತಲ್ಲ. ನಮ್ಮ ಅಬ್ಬಾ ಆಗಲೇ ಮೂರು ಕೆಜಿ ಮಿಠಾಯಿ ಹೇಳಿಬಿಟ್ಟಿದಾರೆ."

"ಸೇರಿಸಬಹುದು," ಎಂದಳು ಜಹನಾರಾ. "ಆ ಪದ ಓದಿದೋರಿಗೆ ಬೈರಮ್ಮ ಕಾಣ್ತಾಳಾ?"

ಮಿಸ್ಬಾ ಕುರ್ಚಿಯಿಂದ ಎದ್ದಳು.

ಭಗವಂತರಾಯರ ಕೋಣೆಗೆ ಇಬ್ಬರೂ ಒಟ್ಟಿಗೆ ಹೋದರು. ಆಗ ಮೂರು ಗಂಟೆ ಐದು ನಿಮಿಷ. ಕಲಬುರಗಿ ಕಡೆಯ ಆ ಮನುಷ್ಯ ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ, ಸಿಟ್ಟು ಬಂದಾಗ ಊರಿನ ಮಾತಿಗೇ ಹೋಗುತ್ತಿದ್ದರು.

"ಏನ್ರೀ ಜಹನಾರಾ, ಕುಲಪತಿಗಳ ಆಫೀಸಿಗೆ ನಾ ಹೆಡ್ಡಿಂಗ್ ಕಳಿಸಿ ಆತು. ಈಗ ಬಂದು ಬಾಟ್ಲಿ ಕಥಿ ಹೇಳ್ತೀರೇನ್ರೀ? ಬೈರಮ್ಮ ಸರಿ ಅಂದಾಳೋ ಇಲ್ಲೋ?"

"ಅಂದಿದಾಳೆ ಸರ್."

"ಮತ್ತ?"

"ನಾನು ಅಂದಿಲ್ಲ. ಗುರುತು ಹಾಕೋದು ನಾನು."

ಭಗವಂತರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತು ವರ್ಷದಲ್ಲಿ ಅವರು ಆಕೆಯ ಬಾಯಿಂದ ಅಂಥ ಮಾತು ಕೇಳಿರಲಿಲ್ಲ.

"ಈ ಸುದ್ದಿ ತಗದ್ರ ನಾಳೆ ಓದೋದು ಬ್ಯಾರೆ ವಿಭಾಗದ್ದು. ನಮ್ಮ ಸರದಿ ಮತ್ತ ಯಾವಾಗ ಬರತದೋ ದೇವರಿಗೇ ಗೊತ್ತು," ಎಂದರು ಅವರು ಮಿಸ್ಬಾಳ ಕಡೆ ತಿರುಗಿ. "ನಿಂದು ಅದು. ನೀ ಏನಂತಿ?"

ಮಿಸ್ಬಾ ಮೇಜಿನ ಹತ್ತಿರ ಬಂದಳು. "ಇವತ್ತು ಹತ್ತು ಸುದ್ದಿ ಕಳಿಸಿ ಸರ್. ನಾಳೆ ಬೆಳಗ್ಗೆ ಗೇಟ್ ಹತ್ರ ಹೋಗಿ ಎಣಿಸ್ತೀನಿ. ಹನ್ನೊಂದರ ಒಳಗೆ ನಿಮ್ಮ ಕೈಗೆ ಹೊಸ ಸುದ್ದಿ ಕೊಡ್ತೀನಿ. ಆಗದಿದ್ರೆ ಬೇರೆಯವರದ್ದೇ ಓದಲಿ."

"ಒಬ್ಬಾಕಿ ಎಣಿಸಿದ್ರ ನಂಬೋರು ಯಾರು?"

"ಇಬ್ಬರು," ಎಂದಳು ಜಹನಾರಾ.

ನಾಲ್ಕು ಗಂಟೆಗೆ ಪುಟ ಹತ್ತು ಸುದ್ದಿಗಳೊಂದಿಗೆ ಹೋಯಿತು.

ಬುಧವಾರ ಬೆಳಗ್ಗೆ ಐದು ಇಪ್ಪತ್ತಕ್ಕೆ ಅವರಿಬ್ಬರೂ ಗೇಟಿನ ಮುಂದಿದ್ದರು. ಫೆಬ್ರುವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಷ್ಟು ಹೊತ್ತಿಗೇ ಸಾಲಿನಲ್ಲಿ ಹನ್ನೊಂದು ವಸ್ತುಗಳಿದ್ದವು. ಏಳು ಬಾಟಲಿ, ಎರಡು ಒಂಟಿ ಚಪ್ಪಲಿ, ಒಂದು ತರಕಾರಿ ಚೀಲ, ಒಂದು ಹೆಲ್ಮೆಟ್. ಅವು ಯಾವಾಗ ಬಂದವೆಂದು ಗಡಿಯಾರ ನೋಡಿ ಬರೆದವರಿರಲಿಲ್ಲ. ಕಾವಲುಗಾರ ಮುತ್ತುರಾಜ್ ಆಕಳಿಸುತ್ತಾ, "ಹೆಲ್ಮೆಟ್ ಮೂರೂವರೆಗೆ ಬಂತು ಮೇಡಂ, ಬೆಟ್ ಕಟ್ಟಿ ಬೇಕಾದ್ರೆ," ಎಂದ. ಮಿಸ್ಬಾ ಅದನ್ನು ಬರೆದುಕೊಳ್ಳಲಿಲ್ಲ.

"ನಾವು ಕಂಡಿದ್ದು ಐದು ಇಪ್ಪತ್ತಕ್ಕೆ," ಎಂದಳು. "ಅಷ್ಟೇ ಬರೀತೀನಿ. ಲೆಕ್ಕ ಕಮ್ಮಿ ಆದ್ರೂ ಪರವಾಗಿಲ್ಲ, ಜಾಸ್ತಿ ಆಗಬಾರದು."

ಜಹನಾರಾ ಅವಳನ್ನು ಓರೆಗಣ್ಣಿನಿಂದ ನೋಡಿದಳು. ಈ ಹುಡುಗಿಗೆ ಅರ್ಜಿ ತಂದುಕೊಟ್ಟದ್ದು ತಾನು ಎಂಬುದನ್ನು ಆ ಬೆಳಗಿನಲ್ಲಿ ಅವಳು ಎರಡು ಸಲ ನೆನಪಿಸಿಕೊಂಡಳು.

ಕೆಲಸ ಸರಳವಾಗಿತ್ತು. ಪ್ರತಿ ವಸ್ತು ಬಂದಾಗ ಮಿಸ್ಬಾ ಅದರ ಒಡೆಯರಿಗೆ ಹಳದಿ ಅಂಟುಚೀಟಿ ಕೊಟ್ಟಳು. ಮೇಲೆ ಕ್ರಮಸಂಖ್ಯೆ, ಸಮಯ. ವೈದ್ಯರ ಕೋಣೆಗೆ ಹೋಗುವಾಗ ಅದನ್ನು ಕೋಣೆಗಳ ಮುಂದೆ ನಿಂತ ಜಹನಾರಾಳ ಕೈಗೆ ಕೊಡಬೇಕು. ಆಕೆ ಟೋಕನ್ ಮೇಲೆ ಅಚ್ಚಾದ ಸಮಯವನ್ನೂ ಆ ಹೊತ್ತಿನ ಸಮಯವನ್ನೂ ಬರೆಯುತ್ತಾಳೆ. ಜನ ಮೊದಲು ಅನುಮಾನಪಟ್ಟರು.

"ಇದೇನು ಮೇಡಂ, ಟೋಕನ್ನಿಗೂ ಟೋಕನ್ನಾ?" ಎಂದ ಆಟೋ ಓಡಿಸುವ ಹಬೀಬ್, ಬಾಣಸವಾಡಿಯಿಂದ ಹೆಂಡತಿಯನ್ನು ಕರೆತಂದವನು. "ನಾಳೆ ಈ ಚೀಟಿಗೂ ಬಾಟ್ಲಿ ಇಡಬೇಕಾಗುತ್ತೆ ನೋಡಿ."

"ನಕ್ಕೊ ಭಾಯಿ, ಹಾಗೇನಿಲ್ಲ," ಎಂದಳು ಮಿಸ್ಬಾ. "ನೀವು ಎಷ್ಟೊತ್ತು ಕಾಯ್ತೀರ ಅಂತ ಬರ್ಕೊಳ್ಳೋಕೆ."

"ಅದನ್ನ ಬರೀತಾರಾ?" ಎಂದು ಹಬೀಬ್ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಹೊಸದಾಗಿ ಬಂದವರಿಗೆಲ್ಲ ಅವನೇ ವಿವರಿಸತೊಡಗಿದ.

ಎಂಟೂವರೆಗೆ ಕೌಂಟರ್ ತೆರೆಯುವಷ್ಟರಲ್ಲಿ ಎಂಬತ್ತನಾಲ್ಕು ಚೀಟಿ ಹೋಗಿದ್ದವು. ಬಾಟಲಿಗಳು ನಿಮಿಷದಲ್ಲಿ ಮಾಯವಾಗಿ, ಅವುಗಳ ಜಾಗದಲ್ಲಿ ಜನ ನಿಂತರು. ಒಂದು ಜಗಳವೂ ಆಗಲಿಲ್ಲ. ತಮ್ಮ ವಸ್ತುವಿನ ಹಿಂದೆ ಯಾರದಿತ್ತು, ಮುಂದೆ ಯಾರದಿತ್ತು ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು.

ಹತ್ತು ಇಪ್ಪತ್ತಕ್ಕೆ ಜಹನಾರಾಳ ಕೈಯಲ್ಲಿ ಎಂಬತ್ತೊಂದು ಚೀಟಿಗಳಿದ್ದವು. ಮೂರು ವಾಪಸ್ ಬರಲಿಲ್ಲ. ಔಷಧದ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಮಿಸ್ಬಾ ಫೋನಿನಲ್ಲಿ ಕೂಡಿದಳು. ಜಹನಾರಾ ಕಾಗದದ ಮೇಲೆ ಕೂಡಿದಳು. ಇಬ್ಬರದೂ ಒಂದೇ ಬಂತು. ಟೋಕನ್ನಿನಿಂದ ಲೆಕ್ಕ ಹಾಕಿದರೆ ಸರಾಸರಿ ನಲವತ್ತಾರೇ ನಿಮಿಷ. ಸಾಲಿಗೆ ಬಂದ ಹೊತ್ತಿನಿಂದ ಹಾಕಿದರೆ ಮೂರು ಗಂಟೆ ಹದಿನಾರು ನಿಮಿಷ.

ಮಿಸ್ಬಾ ಆ ಎರಡನೆಯ ಅಂಕಿಯನ್ನು ತುಂಬಾ ಹೊತ್ತು ನೋಡಿದಳು. "ಇದು ಓದಿದ್ರೆ ನಾನು ಏನೂ ಮಾಡೇ ಇಲ್ಲ ಅನ್ಸುತ್ತೆ ಆಪಾ."

"ಎರಡನ್ನೂ ಬರಿ. ನೀನು ಇಳಿಸಿದ್ದು ಒಂದು, ಕಂಡುಹಿಡಿದದ್ದು ಒಂದು. ಎರಡೂ ನಿಂದೇ."

ಹತ್ತು ಐವತ್ತಕ್ಕೆ ಸುದ್ದಿ ಸಿದ್ಧವಾಯಿತು. ಐದೇ ವಾಕ್ಯ. ಮೊದಲಿನ ಹನ್ನೊಂದು ಜನರ ನಿಜವಾದ ಸಮಯ ಗೊತ್ತಿಲ್ಲ, ಆದ್ದರಿಂದ ಕಾಯುವ ಅವಧಿ ಇನ್ನೂ ಹೆಚ್ಚಿರಬಹುದು ಎಂಬುದು ಕೊನೆಯದು. ಜಹನಾರಾ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಹೆಸರಿದ್ದ ನಾಲ್ವರಿಗೂ ಓದಿ ಕೇಳಿಸಿದಳು. ಅವರಲ್ಲಿ ಒಬ್ಬರಾದ ಆಸ್ಪತ್ರೆಯ ಅಧೀಕ್ಷಕರು ಫೋನಿನಲ್ಲಿ ಎರಡನೆಯ ಅಂಕಿಯನ್ನು ಮತ್ತೊಮ್ಮೆ ಓದಿಸಿಕೊಂಡರು. ಕೊನೆಗೆ, "ತಪ್ಪಿಲ್ಲ," ಎಂದರು. ಆಕೆ ಗುರುತು ಹಾಕಿ ಭಗವಂತರಾಯರಿಗೆ ಕಳಿಸಿದಾಗ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ ಇತ್ತು.

ಸಭೆಗೆ ಅವರಿಬ್ಬರಿಗೆ ಪ್ರವೇಶವಿರಲಿಲ್ಲ. ಹೊರಗಿನ ಕಾರಿಡಾರಿನಲ್ಲಿ, ಅರ್ಧ ತೆರೆದ ಬಾಗಿಲ ಪಕ್ಕ ನಿಂತರು. ಮಿಸ್ಬಾಳ ಕೈಗೆ ಹಳದಿ ಚೀಟಿಯ ಅಂಟು ಇನ್ನೂ ಹತ್ತಿಕೊಂಡಿತ್ತು. ಕುಲಪತಿಗಳು ಓದತೊಡಗಿದರು. ನಲವತ್ತಾರು ನಿಮಿಷ ಎಂದಾಗ ಮೇಜು ತಟ್ಟುವ ಸದ್ದಾಯಿತು. ಮೂರು ಗಂಟೆ ಹದಿನಾರು ನಿಮಿಷ ಎಂದಾಗ ಸದ್ದು ನಿಂತಿತು. ಕುಲಪತಿಗಳು ಆ ವಾಕ್ಯವನ್ನು ಇನ್ನೊಮ್ಮೆ, ನಿಧಾನವಾಗಿ ಓದಿ, ಕಾಗದವನ್ನು ಕೆಳಗಿಟ್ಟು ಕೇಳಿದರು: "ಇದನ್ನು ಎಣಿಸಿದವರು ಯಾರು?"

"ನಮ್ಮ ವಿದ್ಯಾರ್ಥಿನಿ ಮಿಸ್ಬಾ," ಎಂಬ ಭಗವಂತರಾಯರ ದನಿ ಬಾಗಿಲಾಚೆಗೂ ಕೇಳಿಸಿತು. "ಮೊದಲಿನ ಸುದ್ದಿಗೆ ಗುರುತು ಹಾಕಲ್ಲ ಅಂದವರು ನಮ್ಮ ಆಫೀಸಿನ ಜಹನಾರಾ ಅವರು. ಇಬ್ಬರೂ ನಮ್ಮವರು."

ಮಿಸ್ಬಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಜಹನಾರಾ ನೆಟ್ಟಗೆ ನಿಂತಳು. ಬೆಳಗ್ಗೆ ನಾಲ್ಕೂವರೆಗೆ ಎದ್ದ ದಣಿವು ಆಕೆಯಲ್ಲಿ ಎಲ್ಲೂ ಕಾಣಲಿಲ್ಲ.

ಮುಂದಿನ ಸೋಮವಾರದಿಂದ ಆಸ್ಪತ್ರೆಯ ಟೋಕನ್ ಕೌಂಟರ್ ಬೆಳಗ್ಗೆ ಆರು ಗಂಟೆಗೆ ತೆರೆಯಿತು, ಮತ್ತು ಜನ ಮನೆಗೆ ಹೋಗಿ ಬರಲೆಂದು ಪ್ರತಿ ಟೋಕನ್ ಮೇಲೆ ವೈದ್ಯರು ನೋಡುವ ಹೊತ್ತನ್ನೂ ಅಚ್ಚು ಹಾಕಲಾಯಿತು.