ಒಂದು ವರ್ಷದ ಮುಖ್ತಾರಕಿ

೧೯೪೧ನೇ ಇಸವಿಯ ನವೆಂಬರ್ ೧೭, ಸೋಮವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಯಶೋದಾಬಾಯಿ ಕಲ್ಯಾಣಿ ಪಟ್ಟಣದ ತಮ್ಮ ಮನೆಯಲ್ಲೇ ಮುಖ್ತಾರನಾಮಕ್ಕೆ, ಅಂದರೆ ಅಧಿಕಾರಪತ್ರಕ್ಕೆ, ಸಹಿ ಹಾಕಿದರು. ಗಂಡ ತೀರಿ ವರ್ಷ ತುಂಬುವವರೆಗೆ ಹೆಂಡತಿ ಹೊಸ್ತಿಲು ದಾಟಬಾರದೆಂಬುದು ಆ ಮನೆತನದ ಕಟ್ಟಳೆ. ಹುಮನಾಬಾದಿನ ಅವರ ಶೇಂಗಾ ಎಣ್ಣೆಯ ಗಿರಣಿ ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಎಣ್ಣೆ ಸೊಲ್ಲಾಪುರಕ್ಕೆ ಹೋಗಬೇಕು. ಅದಕ್ಕೆ ನಿಜಾಮರ ಸರಹದ್ದಿನ ಸುಂಕದ ನಾಕಾದಲ್ಲಿ ಗಿರಣಿಯ ಪರವಾಗಿ ಯಾರಾದರೂ ಸಹಿ ಮಾಡಬೇಕು. ಹುಮನಾಬಾದಿನ ನಾಲ್ಕಾರು ಅಂಗಡಿಗಳ ಜೊತೆಗೆ ಇವರ ಗಿರಣಿಯ ಲೆಕ್ಕವನ್ನೂ ಬರೆಯುತ್ತಿದ್ದ ಜ್ಞಾನೇಶ್ವರನಿಗೆ ಒಂದು ವರ್ಷದ ಮಟ್ಟಿಗೆ ಅಷ್ಟು ಅಧಿಕಾರ ಕೊಡುವುದೆಂದಾಯಿತು.

ಅಷ್ಟು ಮಾತ್ರ. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಸಾಲ ಎತ್ತುವಂತಿಲ್ಲ. ಯಶೋದಾಬಾಯಿ ಒಂದೊಂದನ್ನೂ ಬಾಗಿಲ ಮರೆಯಿಂದ ಹೇಳಿ ಬರೆಸಿದರು. ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ ವಕೀಲ ಗಯಾಸುದ್ದೀನರು ನಕ್ಕರು.

"ಬಾಯಿ, ಇಷ್ಟೆಲ್ಲ ಬ್ಯಾಡ ಅಂತ ಬರದ್ರ ಇವರಿಗಿ ಉಸಿರು ಬಿಡ್ಲಾಕರ ಪರವಾನಗಿ ಉಳದದ ಏನ್ರಿ?"

"ಇರ್ಲಿ ಬಿಡ್ರಿ ವಕೀಲಸಾಬ್," ಎಂದ ಜ್ಞಾನೇಶ್ವರ, ತಲೆ ತಗ್ಗಿಸಿಯೇ; ಯಶೋದಾಬಾಯಿಯವರನ್ನು ಅವನು ಅತ್ತಿಗೆ ಎಂದೇ ಕರೆಯುತ್ತಿದ್ದ. "ವೈನಿ ಹೇಳಿದ್ದು ಬರೋಬ್ಬರಿ ಅದ."

ಗಿರಣಿ ಮಾರಿಬಿಡೆಂದು ಗಂಡನ ಕಡೆಯವರು ದುಂಬಾಲು ಬಿದ್ದಿದ್ದರು. ವರ್ಷ ಕಳೆದ ಮೇಲೆ ತಾನೇ ಅಲ್ಲಿ ಕೂತು ನಡೆಸುತ್ತೇನೆಂದು ಯಶೋದಾಬಾಯಿ ಅವರನ್ನು ಸುಮ್ಮನಾಗಿಸಿದ್ದರು. ವಾರವಾರವೂ ಲೆಕ್ಕ ಬರುತ್ತಿತ್ತು, ಒಂದು ಪೈ ತಪ್ಪಿರುತ್ತಿರಲಿಲ್ಲ. ಹೋಳಿಯ ನಂತರ ಬರುವುದು ನಿಂತಿತು. ಕೆಲಸದ ಗದ್ದಲವಿರಬೇಕೆಂದು ಅವರು ಸುಮ್ಮನಿದ್ದರು.

ಕೊನೆಗೆ ಗಿರಣಿಯಲ್ಲಿ ಶೇಂಗಾ ಸುಲಿಯುವ ಸತ್ಯಮ್ಮ ಹುಮನಾಬಾದಿನಿಂದ ಬಂದು ಅಂಗಳದಲ್ಲಿ ಕೂತಳು. ಎಂಜಿನ್ನನ್ನು ರಿಪೇರಿಗೆಂದು ಬಿಚ್ಚಿ ಸೊಲ್ಲಾಪುರಕ್ಕೆ ಒಯ್ದರಂತೆ; ಲೆಕ್ಕದವರೂ ಜೊತೆಗೆ ಹೋದರಂತೆ.

"ತಿಂಗಳಾತ್ರಿ ಅವ್ವಾರ. ಅದೂ ಬಂದಿಲ್ಲ, ಅವರೂ ಬಂದಿಲ್ಲ."

ಯುದ್ಧದಿಂದ ಹಡಗುಗಳು ನಿಂತು ವಿಲಾಯತಿ ಎಂಜಿನ್ ಎಲ್ಲೂ ಸಿಗದ ಕಾಲವದು. ಅದಿಲ್ಲದ ಗಿರಣಿ ಎಂದರೆ ನಾಲ್ಕು ಗೋಡೆ. ವಕೀಲರು ನಾಕಾದಲ್ಲೂ ಸೊಲ್ಲಾಪುರದಲ್ಲೂ ವಿಚಾರಿಸಿಕೊಂಡು ಬಂದು ಮುಖ್ತಾರನಾಮದ ಕಾಗದವನ್ನು ಎರಡು ಸಲ ಓದಿದರು. ಈ ಸಲ ನಗಲಿಲ್ಲ.

"ಮಾರಲಾಕ ಅಧಿಕಾರ ಕೊಟ್ಟಿಲ್ಲ, ಖರೆ. ಅವ ಇಲ್ಲಿ ಮಾರಿಲ್ಲ. ನಾಕಾದಾಗ ಮಾಲು ದಾಟಿಸಲಾಕ ಸಹಿ ಮಾಡ್ಯಾನ, ಅದನ್ನ ನಾವೇ ಕೊಟ್ಟೀವಿ. ಯಾವ ಮಾಲು ಅಂತ ಬರದಿಲ್ಲ. ಮಾರಿದ್ದು ಸೊಲ್ಲಾಪುರದಾಗ, ಇಂಗ್ರೇಜಿ ಮುಲ್ಕಿನಾಗ. ನಮ್ಮ ಅದಾಲತ್ತಿನ ಹುಕುಂ ನಾಕಾ ದಾಟೂದಿಲ್ರಿ."

"ಎಂಜಿನ್ ದಾಟ್ತದ," ಎಂದರು ಬಾಯಿ.

ಗಿರಣಿಯವರ ಬಾಯಲ್ಲಿ ಮಾಲು ಎಂದರೆ ಎಣ್ಣೆ, ಹಿಂಡಿ. ಮಾಲು ತೆಗೆಯುವ ಯಂತ್ರವೂ ಒಂದು ಮಾಲೆಂದು ಆ ಸೋಮವಾರ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದವನು ತಲೆ ತಗ್ಗಿಸಿ ಕೂತಿದ್ದ.

ಆದರೂ ಫಿರ್ಯಾದೊಂದನ್ನು ಹಾಕಿಡೋಣ, ಹೋದ ವಸ್ತುವಿನ ವಿವರ ಬೇಕು ಎಂದರು ವಕೀಲರು. ಎಂಜಿನ್ನಿನ ಕಾಗದಗಳೆಲ್ಲ ಜ್ಞಾನೇಶ್ವರನ ಬಳಿಯೇ ಇದ್ದವು. ಮರುದಿನ ಬಾಯಿ ಸತ್ಯಮ್ಮನೊಂದಿಗೆ ಹುಮನಾಬಾದಿನ ಮೋಟಾರು ಹತ್ತಿದರು. ಗಂಡನ ವರ್ಷಾಂತಿಕವೂ ಆಗಿಲ್ಲವಲ್ಲ ಎಂದು ನೆರೆಯ ಕಾಂತಾಬಾಯಿ ಹಿಂದಿನಿಂದ ಕೂಗಿ ಹೇಳಿದರು. ಇವರು ತಿರುಗಿ ನೋಡಲಿಲ್ಲ. ಇದೇ ಮೋಟಾರನ್ನು ನವೆಂಬರಿನಲ್ಲಿ ಹತ್ತಿದ್ದರೆ ಸಹಿಯನ್ನು ತಾವೇ ಮಾಡಬಹುದಿತ್ತು.

ಗಿರಣಿಯೊಳಗೆ ಎಂಜಿನ್ ಕೂತಿದ್ದ ಗಚ್ಚಿನ ಕಟ್ಟೆ ಉಳಿದಿತ್ತು. ಬೋಲ್ಟುಗಳನ್ನು ಬುಡಕ್ಕೆ ಕತ್ತರಿಸಿದ್ದರು. ಅಳತೆಯ ಟೇಪಿನ ಒಂದು ತುದಿಯನ್ನು ಸತ್ಯಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಬಾಯಿ ಮೊಣಕಾಲೂರಿ ಫಿರ್ಯಾದಿನ ವಿವರಕ್ಕಾಗಿ ಕಟ್ಟೆಯನ್ನು ಅಳೆದರು. ಉದ್ದ ಏಳು ಅಡಿ, ಅಗಲ ಮೂರು ಅಡಿ ನಾಲ್ಕು ಇಂಚು.