ಏಕಾಂತಯ್ಯ ಕೂಗಿದ ಚಿರತೆ

ಶೆಟ್ಟಿಕೆರೆ ಕಡೆಯ ಏಕಾಂತಯ್ಯನ ಮನೆಯಲ್ಲಿ ಮುದ್ದೆ ಬಿರಿಯತೊಡಗಿ ತಿಂಗಳ ಮೇಲಾಗಿತ್ತು. ಮೊದಲೆಲ್ಲ ಹೆಂಡತಿ ಹೊಂಬಾಳಮ್ಮ ಕಟ್ಟಿದ ಮುದ್ದೆ ಕೊಬ್ಬರಿ ಗಿಟುಕಿನ ಹಾಗೆ ಗುಂಡಗಿರುತ್ತಿತ್ತು. ಈಗ ಬೆಳಗ್ಗೆ ಎದ್ದರೆ ಅವಳ ಬೆರಳೇ ಮಡಚುವುದಿಲ್ಲ. ಎರಡೂ ಕೈಯ ಗೆಣ್ಣು ಊದಿ, ಕೊಬ್ಬರಿ ಸುಲಿಯುವುದಿರಲಿ, ಸೀರೆ ನೆರಿಗೆ ಹಿಡಿಯಲೂ ಆಗದು. ಒಂದು ದಿನ ಲೋಟ ಜಾರಿ ಬಿದ್ದಾಗ ಅತ್ತೇಬಿಟ್ಟಳು. ಏಕಾಂತಯ್ಯ ಓಡಿ ಬಂದು ಲೋಟ ಎತ್ತಿಟ್ಟ. ಬಾಯಿ ಮಾತ್ರ ಜೋರು.

"ವಾಯು ಕಣೇ. ಸಂತೇಲಿ ಪುಡಿ ತಂದಿವ್ನಿ, ನುಂಗು."

ಪಕ್ಕದ ಮನೆಯ ಗಂಗಲಕ್ಷ್ಮಿ ಆಸ್ಪತ್ರೆಯಲ್ಲಿ ನರ್ಸ್. ಬಂದು ಗೆಣ್ಣು ಮುಟ್ಟಿ ನೋಡಿದಳು.

"ಸಂಧಿವಾತ ಇದ್ದಂಗೈತೆ, ಏಕಾಂತಣ್ಣ. ಮೈಯ ಕಾವಲು ಕಣಗಳೇ ಅಕ್ಕನ ಕೀಲಿನ ಮೇಲೆ ಬೀಳ್ತಾ ಇರಬೈದು."

"ಕಾವಲಿನೋರೇ ಮನೆಗೆ ಬಡೀತಾರಾ? ಯಾವೂರ ನ್ಯಾಯ ಕಣಮ್ಮ ಇದು?"

"ನಮ್ಮೂರ್ದೇ! ಮೊನ್ನೆ ಚಿರತೆ ಅಂತ ಕೂಗ್ದೋರು ಯಾರು?"

ಏಕಾಂತಯ್ಯ ತಲೆ ಕೆರೆದುಕೊಂಡ. ಮುಸ್ಸಂಜೆಯಲ್ಲಿ ತೋಟದ ಪೊದೆ ಅಲುಗಿದ್ದೇ ತಡ, "ಚಿರತೆ!" ಎಂದು ಅರಚಿದ್ದ. ಊರಿಗೆ ಊರೇ ದೊಣ್ಣೆ ಹಿಡಿದು ನುಗ್ಗಿ, ಅವನ ತೆಂಗಿನ ಸಸಿ ತುಳಿದು, ಡ್ರಿಪ್ ಪೈಪು ಜಜ್ಜಿ ಹಾಕಿತ್ತು. ಕಡೆಗೆ ಪೊದೆಯಿಂದ ಬಂದದ್ದು ಅವನದೇ ಕರು.

"ಕರು ಉಳೀತಲ್ಲ, ನಮ್ಮ ಪುಣ್ಯ," ಎಂದು ಹೊಂಬಾಳಮ್ಮ ನೋವಿನಲ್ಲೂ ನಕ್ಕಳು.

"ಮೈಯೊಳಗೂ ಹಂಗೇ ಕಣಣ್ಣ. ರೋಗ ಬಂದ್ರೆ ಒಂದು ಕಣ ಇನ್ನೊಂದನ್ನ ಕೂಗ್ತೈತೆ. ಆ ಕೂಗೇ ಸೈಟೊಕೈನ್. ಅದನ್ನ ಕೇಳೋ ಕಿವಿ ಕಣದ ಮೈಮೇಲೈತೆ. ಅದು ರಿಸೆಪ್ಟರ್ ಅನ್ನೋ ಪ್ರೋಟೀನು. ಕೂಗು ಕಿವಿಗೆ ಬಿತ್ತು ಅಂದ್ರೆ ದೊಣ್ಣೆ ಎತ್ತಿದಂಗೆ. ಈ ಕಾಯಿಲೇಲಿ ಚಿರತೆ ಇಲ್ದಿದ್ರೂ ಕೂಗು ನಿಲ್ಲಲ್ಲ."

"ಹಂಗಾರೆ ಕಿವಿಗೆ ಅರಳೆ ತುರುಕು ಬುಡು!" ಏಕಾಂತಯ್ಯ ಗೇಲಿ ಮಾಡಿದ.

"ಅಂಥ ಇಂಜೆಕ್ಷನ್ನೂ ಐತೆ! ಆದ್ರೆ ಮೊದ್ಲು ಮಾತ್ರೆ. ಕಿವಿ ಮುಚ್ಚಿದ್ರೆ ನಿಜವಾದ ಚಿರತೆ ಬಂದ್ರೂ ಕೇಳ್ಸಲ್ಲ ನೋಡಿ, ಅದಕ್ಕೇ ಮೈಯಲ್ಲಿ ಕ್ಷಯ ಅಡಗಿಲ್ಲ ಅಂತ ಪರೀಕ್ಷೆ ಮಾಡೇ ಕೊಡ್ತಾರೆ. ಜ್ವರ ಬಂದ್ರೆ ತಕ್ಷಣ ಹೇಳ್ಬೇಕು. ಆ ಪುಡೀನೂ ತಗಂಡೋಗಿ ಡಾಕ್ಟ್ರಿಗೆ ತೋರಿಸಿ. ತಡ ಮಾಡಿದ್ರೆ ಬೆರಳು ಸೊಟ್ಟಗಾಗಿ ಮತ್ತೆ ನೆಟ್ಟಗಾಗಲ್ಲ, ಅಣ್ಣ."

ಆ ಕೊನೆಯ ಮಾತು ಏಕಾಂತಯ್ಯನಿಗೆ ನಾಟಿತು. ಮರುದಿನವೇ ಹೆಂಡತಿಯನ್ನು ಕರೆದುಕೊಂಡು ತುಮಕೂರಿನ ಬಸ್ಸು ಹತ್ತಿದ. ಗಂಗಲಕ್ಷ್ಮಿಯ ಅನುಮಾನ ನಿಜವಾಗಿತ್ತು. ಮಾತ್ರೆ ಶುರುವಾಯಿತು, ಅದಷ್ಟೇ ಸಾಲದಾದಾಗ, ಪರೀಕ್ಷೆ ಮುಗಿಸಿ, ಕಿವಿ ಮುಚ್ಚುವ ಇಂಜೆಕ್ಷನ್ ಕೊಟ್ಟರು. ಅಷ್ಟು ದಿನವೂ ಒಲೆ ಮುಂದೆ ನಿಂತವನು ಏಕಾಂತಯ್ಯನೇ. ಅವನು ಕಟ್ಟಿದ ಮುದ್ದೆಯನ್ನು ಆ ಕರುವೂ ಮೂಸಿ ಮುಖ ತಿರುಗಿಸಿತು.

ಒಂದು ಬೆಳಗ್ಗೆ ಅವನ ತಟ್ಟೆಗೆ ಗುಂಡನೆಯ ಮುದ್ದೆ ಬಿತ್ತು. ಒಂದು ಬಿರುಕೂ ಇಲ್ಲ. ಏಕಾಂತಯ್ಯನ ಕಣ್ಣು ತುಂಬಿತು.

"ಸಾರು ಖಾರ ಕಣೇ," ಎಂದ.

"ಸಾರು ಇನ್ನೂ ಬಡಿಸೇ ಇಲ್ವಲ್ಲ!" ಎಂದಳು ಹೊಂಬಾಳಮ್ಮ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಬೆಳಗ್ಗೆ ಯಾರದಾದರೂ ಬೆರಳು ಬಿಗಿದು, ಗೆಣ್ಣು ಊದಿ, ವಾರಗಟ್ಟಲೆ ಹಾಗೇ ಇದೆಯೇ? ಸಂತೆಯ ಪುಡಿ ನಂಬಬೇಡಿ, ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. ಮುದ್ದೆಯನ್ನು ಬಿಸಿಯಿದ್ದಾಗಲೇ ಕಟ್ಟಬೇಕು. ಆರಿದ ಮೇಲೆ ಎಷ್ಟು ಉರುಳಿಸಿದರೂ ಕೂಡುವುದಿಲ್ಲ.